ಗೆದ್ದಲಿನ ಮಣ್ಣಿನ ಗೆರೆ ಕಂಡ ಕೂಡಲೇ ಪೊರಕೆ ಹಿಡಿಯಬೇಡಿ

ಹೋದ ಶ್ರಾವಣದಲ್ಲಿ ಮನೆಯ ಕ್ರಯಪತ್ರ ಬೇಕಾಗಿ ಗೋಡೆ ಬೀರುವಿನಿಂದ ಫೈಲ್ ಎಳೆದೆ. ಕೈಗೆ ಬಂದದ್ದು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಒಳಗಿನ ಹಾಳೆಗಳು ಬೀರುವಿನ ಹಿಂಬದಿಯ ಹಲಗೆಗೆ ಮಣ್ಣಿನಿಂದ ಅಂಟಿಕೊಂಡಿದ್ದವು. ಛಾಪಾ ಕಾಗದದ ಅಂಚು ಹಾಗೇ ಇತ್ತು, ನಡುವೆ ಅಂಗೈ ಅಗಲದ ತೂತು. ತೂತಿನ ತುಂಬ ಹಸಿ ಮಣ್ಣು, ಅದರೊಳಗೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಬಿಳಿ ಹುಳುಗಳು. ಕೆಳಗಿನ ಅರೆಯಲ್ಲಿ ಅತ್ತೆಯ ಮದುವೆ ಆಲ್ಬಮ್ ಇತ್ತು. ಅದನ್ನು ತೊಡೆ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಬಿಡಿಸಿದರು. ಮಾವನವರ ಮುಖ ಪೂರ್ತಿ ಉಳಿದಿದ್ದ ಫೋಟೊ ಎರಡೇ.

ನಮ್ಮದು ಮೈಸೂರಿನಲ್ಲಿ 14 ವರ್ಷ ಹಳೆಯ ಮನೆ. ಮೊದಲ ಸುಳಿವು ಸಿಕ್ಕಿದ್ದು ಇದಕ್ಕೂ ಒಂದೂವರೆ ವರ್ಷ ಮುಂಚೆ. ಬಚ್ಚಲಿಗೆ ತಾಗಿದ ಕೋಣೆಯಲ್ಲಿ ಸ್ಕರ್ಟಿಂಗ್ ಮೇಲಿಂದ ಬಾಗಿಲ ಚೌಕಟ್ಟಿನವರೆಗೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದಿತ್ತು. ನಾನು ಪೊರಕೆಯಲ್ಲಿ ಗುಡಿಸಿ, ಸೀಮೆಎಣ್ಣೆ ಒರೆಸಿ, ಆಯ್ತು ಅಂದುಕೊಂಡೆ. ವಾರದಲ್ಲಿ ಗೆರೆ ಮತ್ತೆ ಬಂತು. ಮತ್ತೆ ಒರೆಸಿದೆ. ಮೂರನೇ ಸಲ ಬಂದಾಗ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ.

ಬಂದವನು ಬೆನ್ನಿಗೆ ಸ್ಪ್ರೇ ಕ್ಯಾನ್ ಕಟ್ಟಿಕೊಂಡಿದ್ದ. ಬಾಟಲಿ ತೋರಿಸಲಿಲ್ಲ, ಔಷಧಿ ಮನೆಯಿಂದಲೇ ಕಲಸಿ ತಂದಿದ್ದ. ಗೆರೆಗಳನ್ನೆಲ್ಲ ಕೆರೆದು ಹಾಕಿ, ಗೋಡೆ ಬುಡಕ್ಕೂ ಚೌಕಟ್ಟಿಗೂ ಸಿಂಪಡಿಸಿದ. ಅರ್ಧ ಗಂಟೆಯ ಕೆಲಸ. "ಹತ್ತು ವರ್ಷ ಗ್ಯಾರಂಟಿ ಅಕ್ಕಾ, ಮೇಲೆ ಒಂದು ಕೋಟ್ ಪೇಂಟ್ ಹೊಡೆಸಿಬಿಡಿ, ಏನೂ ಕಾಣಲ್ಲ" ಅಂದ. 4,500 ರೂಪಾಯಿ ತಗೊಂಡು, ಒಂದು ಚೀಟಿ ಬರೆದುಕೊಟ್ಟು ಹೋದ. ನಾವು ಪೇಂಟ್ ಹೊಡೆಸಿದೆವು. ಅವನು ಹೇಳಿದ ಹಾಗೇ ಏನೂ ಕಾಣಲಿಲ್ಲ. ಗೆದ್ದಲು ಹುಳುಗಳು ಗೋಡೆಯ ಒಳಗಿಂದ ಬೀರುವಿನ ಹಿಂಬದಿಗೆ ದಾರಿ ಮಾಡಿಕೊಂಡಿದ್ದವು.

ಕಾಗದ ಹೋದ ಮೇಲೆ ನಮ್ಮ ಹಳೇ ಮರಗೆಲಸದ ಆಚಾರ್ರನ್ನು ಕರೆಸಿದೆ. ಅವರು ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟನ್ನು ಕೆಳಗಿಂದ ಮೇಲಕ್ಕೆ ತಟ್ಟುತ್ತಾ ಹೋದರು. ಎದೆಮಟ್ಟದಲ್ಲಿ ಟಣ್ ಟಣ್ ಅನ್ನುತ್ತಿದ್ದದ್ದು ಮೊಣಕಾಲ ಕೆಳಗೆ ಡಬ್ ಡಬ್ ಅಂತು. ತುದಿ ಒತ್ತಿದರೆ ಎರಡು ಇಂಚು ಸಲೀಸಾಗಿ ಒಳಗೆ ಹೋಯಿತು. "ಇಲ್ಲಿ ಮರ ಇಲ್ಲಮ್ಮಾ, ಪೇಂಟ್ ಒಂದೇ ನಿಂತಿದೆ" ಅಂದರು. ಆ ಮಾತು ಕೇಳಿ ಹೊಟ್ಟೆ ತೊಳಸಿದಂತಾಯಿತು.

ನನಗೆ ತಡವಾಗಿ ಗೊತ್ತಾದದ್ದನ್ನು ಹೇಳುತ್ತೇನೆ. ನಮ್ಮ ಕಡೆ ಮನೆಗಳಿಗೆ ಹತ್ತುವ ಗೆದ್ದಲು ಹೆಚ್ಚಿನಂಶ ನೆಲದೊಳಗಿನದು. ರಾಣಿ, ಮರಿ, ಗೂಡು ಎಲ್ಲ ಮಣ್ಣಿನ ಕೆಳಗೆ. ಮನೆಯೊಳಗೆ ಓಡಾಡುವವು ಮೇವು ಒಯ್ಯಲು ಬಂದ ಕೆಲಸದ ಹುಳುಗಳು. ಅವುಗಳ ಮೈ ಬಹಳ ಮೆದು, ಬಿಸಿಲು ಗಾಳಿ ತಡೆಯುವುದಿಲ್ಲ, ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ನಡೆಯುತ್ತವೆ. ಮೇಲೆ ಸಿಂಪಡಿಸಿದರೆ ಆ ಹೊತ್ತಿಗೆ ಕೊಳವೆಯಲ್ಲಿದ್ದವು ಸಾಯುತ್ತವೆ. ಗೂಡಿಗೆ ಏನೂ ಆಗುವುದಿಲ್ಲ. ಉಳಿದವು ಬೇರೆ ದಾರಿ ಹುಡುಕುತ್ತವೆ. ಅವು ಎಲ್ಲಿಂದ ಬರುತ್ತಿವೆ ಅಂತ ತೋರಿಸುತ್ತಿದ್ದ ಒಂದೇ ಗುರುತನ್ನು ನಾನೇ ಎರಡು ಸಲ ಒರೆಸಿ ಹಾಕಿದ್ದೆ.

ಹಾಗಾಗಿ ಗೆರೆ ಕಂಡರೆ ಮೊದಲು ಫೋಟೊ ತೆಗೆಯಿರಿ. ನಡುವೆ ಒಂದು ಬೆರಳಗಲ ಮಾತ್ರ ಒಡೆದು, ಉಳಿದದ್ದನ್ನು ಹಾಗೇ ಬಿಡಿ. ಒಂದೆರಡು ದಿನದಲ್ಲಿ ಹಸಿ ಮಣ್ಣು ಹಾಕಿ ಮುಚ್ಚಿಕೊಂಡರೆ ಹುಳು ಇದೆ ಅಂತಲೇ ಅರ್ಥ. ಮುಚ್ಚಿಕೊಳ್ಳಲಿಲ್ಲ ಅಂತ ನಿಶ್ಚಿಂತೆಯಾಗಬೇಡಿ, ಬೇರೆ ಕಡೆ ತಿರುಗಿರಬಹುದು.

ಈಸಲು ಹುಳದ ಬಗ್ಗೆಯೂ ಒಂದು ಮಾತು. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಗೆದ್ದಲಿನದೇ ರೆಕ್ಕೆ ಬಂದ ಹುಳು. ಹೊರಗಿಂದ ಹಾರಿ ಬಂದರೆ ಗಾಬರಿ ಬೇಡ. ಆದರೆ ಗೋಡೆ ಬಿರುಕಿನಿಂದಲೋ ಚೌಕಟ್ಟಿನ ಸಂದಿಯಿಂದಲೋ ಎದ್ದು ಬಂದರೆ, ಮುಚ್ಚಿದ ಕಿಟಕಿಯ ಒಳಬದಿಯಲ್ಲಿ ಉದುರಿದ ರೆಕ್ಕೆ ರಾಶಿ ಸಿಕ್ಕರೆ, ಗೂಡು ಹತ್ತಿರದಲ್ಲೇ ಇದೆ. ನಮ್ಮ ದೇವರ ಕೋಣೆಯ ಕಿಟಕಿಯಲ್ಲಿ ಅಂಥ ರೆಕ್ಕೆಗಳಿದ್ದವು. ಅದನ್ನೂ ಸುಮ್ನೆ ಗುಡಿಸಿದ್ದೆ.

ಎರಡನೇ ಸಲ ಔಷಧಿ ಹಾಕಲು ಬಂದವರು ಮಾಡಿದ ಕೆಲಸವೇ ಬೇರೆ. ಮೊದಲು ಬಚ್ಚಲಲ್ಲಿ ಸೋರುತ್ತಿದ್ದ ಪೈಪ್ ಸರಿ ಮಾಡಿಸಿ ಅಂದರು, ತೇವ ಇದ್ದ ಕಡೆಗೇ ಅವು ಬರುವುದು. ಆಮೇಲೆ ಗೋಡೆಯೂ ನೆಲವೂ ಸೇರುವ ಕಡೆ ಒಂದೊಂದು ಅಡಿಗೆ 12 ಎಂಎಂ ತೂತು ಕೊರೆದು, ಕೆಳಗಿನ ಮಣ್ಣಿಗೆ ತಲುಪುವ ಹಾಗೆ ಔಷಧಿ ಇಳಿಸಿದರು, ತೂತಿಗೆ ಒಂದು ಲೀಟರಿನವರೆಗೆ. ಹೊರಗೆ ಗೋಡೆ ಬುಡದಲ್ಲೂ ಇಳಿಸಿದರು. ಚೌಕಟ್ಟಿಗೆ ಸಣ್ಣ ತೂತು ಓರೆಯಾಗಿ ಕೊರೆದು ಬೇರೆ ಔಷಧಿ ಹಾಕಿದರು. ಕೊನೆಗೆ ಎಲ್ಲಕ್ಕೂ ಸಿಮೆಂಟ್ ತುಂಬಿದರು. ಕಟ್ಟಿದ ಮನೆಗೆ ಗೆದ್ದಲು ಔಷಧಿ ಹಾಕಲು ಐಎಸ್ 6313 ಅನ್ನುವ ಭಾರತೀಯ ಮಾನಕ ಇದೆ, ಅದರ ಮೂರನೇ ಭಾಗದಲ್ಲಿರುವುದು ಇದೇ ಕ್ರಮ. ಒಪ್ಪಿಸುವ ಮೊದಲು ಆ ಹೆಸರು ಎತ್ತಿ ಕೇಳಿ. "ಡ್ರಿಲ್ಲಿಂಗ್ ಬೇಡ, ಸ್ಪ್ರೇ ಸಾಕು" ಅಂದರೆ ಅವರನ್ನು ಅಲ್ಲಿಂದಲೇ ಕಳಿಸಿಬಿಡಿ.

ಔಷಧಿಯ ಸೀಲ್ ನಿಮ್ಮ ಎದುರೇ ಒಡೆಯಬೇಕು, ನೀರೂ ನಿಮ್ಮ ಎದುರೇ ಬೆರೆಸಬೇಕು. 20% ಕ್ಲೋರ್‌ಪೈರಿಫಾಸ್ ಆದರೆ ಒಂದು ಲೀಟರಿಗೆ 19 ಲೀಟರ್ ನೀರು. 30.5% ಇಮಿಡಾಕ್ಲೋಪ್ರಿಡ್ ಆದರೆ ಲೀಟರ್ ನೀರಿಗೆ ಸುಮಾರು 2 ಎಂಎಲ್. ಇಮಿಡಾಕ್ಲೋಪ್ರಿಡ್ ಇದೆ ಅಂತ ಗೆದ್ದಲಿಗೆ ಗೊತ್ತಾಗುವುದಿಲ್ಲ, ಅದರ ಮೇಲೇ ನಡೆದು ಮಿಕ್ಕವಕ್ಕೂ ದಾಟಿಸುತ್ತವೆ. ಲೇಬಲ್ ನೀವೇ ಓದಿ. ಬಿಲ್ಲಿನಲ್ಲಿ ಔಷಧಿಯ ಹೆಸರು, ಪ್ರಮಾಣ, ಮತ್ತೆ ಬಂದರೆ ಏನು ಮಾಡುತ್ತಾರೆ ಅನ್ನುವುದು ಇರಲಿ. ನನ್ನ ಹತ್ತು ವರ್ಷದ ಚೀಟಿಯಲ್ಲಿ ವಿಳಾಸವೇ ಇರಲಿಲ್ಲ. ಆ ನಂಬರ್ ಈಗ ಹೋಗುತ್ತಿಲ್ಲ. ಬಾವಿ ಇರುವ ಮನೆಯವರು ಮೊದಲೇ ಹೇಳಿ, ಔಷಧಿ ನೀರಿಗೆ ಇಳಿಯಬಾರದು. ಮಕ್ಕಳನ್ನೂ ನಾಯಿ ಬೆಕ್ಕನ್ನೂ ಆ ದಿನ ಬೇರೆ ಕಡೆ ಬಿಡಿ.

ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಕ್ಕಿತು. ಮೂಲಪತ್ರ ಹೋಯಿತು, ಅತ್ತೆಯ ಫೋಟೊಗಳೂ ಹೋದವು. ನಿಮ್ಮ ಮನೆಯ ಕಾಗದಪತ್ರ ಗೋಡೆ ಬೀರುವಿನಲ್ಲಿದ್ದರೆ ಇವತ್ತೇ ತೆಗೆದು ನೋಡಿ, ಸ್ಟೀಲ್ ಬೀರುವಿಗೆ ಹಾಕಿ, ಗೋಡೆಗೆ ತಾಗದ ಹಾಗೆ ಇಡಿ.

ಮೊನ್ನೆ ಟಾರ್ಚ್ ಹಿಡಿದು ನೋಡುವಾಗ ಅಡುಗೆಮನೆ ಸಿಂಕಿನ ಕೆಳಗೆ ಬೆರಳುದ್ದದ ಹೊಸ ಗೆರೆ ಕಂಡಿತು. ಅತ್ತೆ ಪೊರಕೆ ತಂದರು. "ಬೇಡ ಅತ್ತೆ, ಹಾಗೇ ಇರಲಿ" ಅಂದೆ. ಫೋಟೊ ತೆಗೆದು ಎರಡನೇ ಸಲ ಬಂದಿದ್ದವರಿಗೆ ಕಳಿಸಿದೆ. ಮರುದಿನ ಬಂದು ಅಲ್ಲಿ ಮೂರು ತೂತು ಕೊರೆದು ಔಷಧಿ ಇಳಿಸಿ ಹೋದರು.