ಹೆಸರಿಲ್ಲದ ನಾಗರ: ಫ್ಯಾಕ್ಟರಿ ಫೈವ್ ರೋಡ್‌ಸ್ಟರ್ ಕಿಟ್, ದೀರ್ಘ ಬಳಕೆಯ ನಂತರ

ಹಳೆಯ ‘ಕೋಬ್ರಾ’ ಸ್ಪೋರ್ಟ್ಸ್ ಕಾರಿನ ನಕಲನ್ನು ನಾವೇ ಜೋಡಿಸಿಕೊಳ್ಳಲು ಅಮೆರಿಕದ ಫ್ಯಾಕ್ಟರಿ ಫೈವ್ ಕಂಪನಿ ಮಾರುವ ಕಿಟ್ ಇದು. ಇದರಲ್ಲಿ ಫ್ರೇಮ್ ಬರುತ್ತದೆ, ಫೈಬರ್‌ಗ್ಲಾಸ್ ಬಾಡಿ ಬರುತ್ತದೆ, ಅಲ್ಯೂಮಿನಿಯಂ ಪ್ಯಾನೆಲ್‌ಗಳ ರಾಶಿ ಬರುತ್ತದೆ. ‘ಕೋಬ್ರಾ’ ಬ್ಯಾಡ್ಜ್ ಮಾತ್ರ ಇರುವುದಿಲ್ಲ. ಅಸಲಿ ಕೋಬ್ರಾ ಮಾಡಿದ ಕ್ಯಾರೊಲ್ ಶೆಲ್ಬಿ ಹೂಡಿದ ದಾವೆ ರಾಜಿಯಲ್ಲಿ ಮುಗಿದಾಗ ಕಂಪನಿ ಆ ಹೆಸರನ್ನು ಬಿಟ್ಟುಕೊಟ್ಟಿತು. ಅದಕ್ಕೇ ಬಿಲ್ಲಿನಲ್ಲಿ ಬರೀ ‘ಮಾರ್ಕ್ 4 ರೋಡ್‌ಸ್ಟರ್’. ಕೋಬ್ರಾದ ಮುಚ್ಚಿದ ಮಾಡಿನ ರೇಸ್ ರೂಪವಾದ ಡೇಟೋನಾ ಕೂಪೆಯ ನಕಲಿಗೆ ‘ಟೈಪ್ 65 ಕೂಪೆ’.

ಆಕಾರದ ಮಾತು ಬೇರೆ. ಬ್ರಿಟನ್ನಿನ ಎಸಿ ಏಸ್ ಕಾರಿನೊಳಗೆ ಫೋರ್ಡ್ ವಿ8 ಎಂಜಿನ್ ಕೂರಿಸಿ 1962ರಲ್ಲಿ ಹುಟ್ಟಿದ ಕಾರಿನ ಮೈಕಟ್ಟನ್ನು ದಶಕಗಳ ಕಾಲ ಎಷ್ಟೋ ತಯಾರಕರು ಅಚ್ಚು ಹಾಕಿ ಮಾರಿದ್ದಾರೆ. ಇನ್ನೊಂದು ನಕಲು ತಯಾರಕ ಕಂಪನಿ ಸೂಪರ್‌ಫಾರ್ಮೆನ್ಸ್ ವಿರುದ್ಧ ಶೆಲ್ಬಿ ಈ ಆಕಾರವೂ ತಮ್ಮದೇ ಎಂದು ವಾದಿಸಿದಾಗ, ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ 2002ರಲ್ಲಿ ಒಪ್ಪಲಿಲ್ಲ. ಹಾಗೆ ಹಕ್ಕು ಸಾಧಿಸಲು, ಆಕಾರ ನೋಡಿದವರಿಗೆ ಒಬ್ಬನೇ ತಯಾರಕ ನೆನಪಾಗಬೇಕು. ಅಷ್ಟು ಜನ ನಕಲು ಮಾಡಿದ ಮೇಲೆ ಅದನ್ನು ಸಾಬೀತುಪಡಿಸುವುದು ಕಷ್ಟ. ಆದರೂ ಸೂಪರ್‌ಫಾರ್ಮೆನ್ಸ್ ಆಮೇಲೆ ಶೆಲ್ಬಿಯಿಂದ ಲೈಸೆನ್ಸ್ ಪಡೆಯಿತು. ಹೆಸರಿನ ಬೆಲೆ ಅಷ್ಟಿದೆ.

ಓಡಿಸುವುದಕ್ಕೆ ಖುಷಿಯ ಕಾರು, ಸುಖದ ಕಾರಲ್ಲ. ಸೈಡ್ ಪೈಪ್ ಬಾಗಿಲ ಕೆಳಗೇ ಹಾದುಹೋಗುವುದರಿಂದ ಇಳಿಯುವಾಗ ಮೀನಖಂಡ ಸುಡುತ್ತದೆ. ಮಾಲೀಕರು ಇದನ್ನು ‘ಹಾವು ಕಚ್ಚಿತು’ ಎನ್ನುತ್ತಾರೆ. ಪೆಡಲ್ ಇರುವ ಜಾಗ ಇಕ್ಕಟ್ಟು, ಅಗಲ ಬೂಟು ಎರಡು ಪೆಡಲ್ ಒಟ್ಟಿಗೆ ಒತ್ತುತ್ತದೆ. ಶಾಖ ತಡೆಯುವ ಹಾಳೆಯನ್ನು ಪ್ಯಾನೆಲ್‌ಗೆ ರಿವೆಟ್ ಹೊಡೆಯುವ ಮೊದಲೇ ಯೋಜಿಸಿ, ಆಮೇಲೆ ಕೈ ಹೋಗುವುದಿಲ್ಲ. ಬಾಡಿಯಲ್ಲಿ ಅಚ್ಚಿನ ಸಂದುಗಳು ಗೆರೆಯಾಗಿ ಉಳಿದಿರುತ್ತವೆ. ಅವನ್ನು ಕೊರೆದು, ಸರಿಯಾದ ಫಿಲ್ಲರ್ ತುಂಬಿ, ಬಾಡಿಯನ್ನು ಬಿಸಿಲಿನಲ್ಲಿ ಚೆನ್ನಾಗಿ ಕಾಯಿಸಿ ಆಮೇಲೆ ಬಣ್ಣ ಹೊಡೆಸಿ. ಅವಸರ ಮಾಡಿದರೆ ಒಂದೆರಡು ಬೇಸಿಗೆಯಲ್ಲೇ ಗೆರೆ ಮತ್ತೆ ಮೇಲೇಳುತ್ತದೆ.

ನೋಂದಣಿಯಲ್ಲಿ ಎಡವುವವರೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಜೋಡಿಸಿದ ಕಾರುಗಳಿಗಿರುವ ಎಸ್‌ಬಿ 100 ಕಾನೂನಿನಡಿ ವರ್ಷಕ್ಕೆ 500 ವಾಹನಗಳಿಗಷ್ಟೇ ಅವಕಾಶ. ಹೊಗೆ ತಪಾಸಣೆಗೆ ಬಾಡಿ ಹೋಲುವ ವರ್ಷವನ್ನೋ ಎಂಜಿನ್ನಿನ ವರ್ಷವನ್ನೋ ಪರಿಗಣಿಸಲು ಅದು ಬಿಡುತ್ತದೆ. ಹಾಗೆಂದು ದಾಖಲೆಯಲ್ಲಿ ‘1965 ಶೆಲ್ಬಿ’ ಎಂದು ಬರೆಸುವುದು ಬೇಡ. ತಪ್ಪು ಗುರುತು ಕೊಟ್ಟರೆ ವಿಮೆ ಕ್ಲೇಮ್ ವೇಳೆ ಪೇಚಿಗೆ ಸಿಲುಕುತ್ತೀರಿ. ವಿಮಾ ಕಂಪನಿಗೆ ‘ರೆಪ್ಲಿಕಾ’ ಎಂದೇ ತಿಳಿಸಿ, ಮೌಲ್ಯವನ್ನು ಮೊದಲೇ ಒಪ್ಪಿಸಿಕೊಳ್ಳಿ.

ಹಳೆಯದು ಕೊಳ್ಳುವುದಾದರೆ ಬ್ಯಾಡ್ಜ್ ನೋಡಬೇಡಿ, ಅಂಗಡಿಯಲ್ಲಿ ಸಿಗುತ್ತದೆ. 1960ರ ದಶಕದ ಅಸಲಿ ಶೆಲ್ಬಿ ಕೋಬ್ರಾದ ಚಾಸಿ ಸಂಖ್ಯೆ ‘ಸಿಎಸ್‌ಎಕ್ಸ್’ ಅಕ್ಷರಗಳಿಂದ ಶುರುವಾಗುತ್ತದೆ. ಆದರೆ ಶೆಲ್ಬಿಯೇ ನಂತರ ಮಾಡಿದ ಸಿಎಸ್‌ಎಕ್ಸ್ 4000 ಸರಣಿಯ ಕಾರುಗಳೂ ಹಾಗೇ. ಅಕ್ಷರವಷ್ಟೇ ಅಲ್ಲ, ಸಂಖ್ಯೆಯನ್ನೂ ಓದಿ.