ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಹೊರಗೆ ಮಾಡಿಸುವವರೇ, ದುಡ್ಡು ಕೊಡುವ ಮುಂಚೆ ಓದಿ

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಿನ ಹೆಸರು ಹಾಕುವುದಿಲ್ಲ.

ನಮ್ಮವು ಪ್ಯೂರೋಮೈಸಿನ್ ಅಮಿನೋನ್ಯೂಕ್ಲಿಯೋಸೈಡ್ ಅನ್ನುವ, ಕಿಡ್ನಿ ಕೆಡಿಸುವ ವಿಷ ಕೊಟ್ಟ ಇಲಿಗಳು. ಈ ಮಾಡೆಲ್ ಮಾಡಿದವರಿಗೆ ಗೊತ್ತೇ ಇದೆ, ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತಿದ್ದರೂ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಗ್ಲೋಮೆರುಲಸ್ (ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ನಾಳಗಳ ಗೊಂಚಲು) ಹೆಚ್ಚುಕಡಿಮೆ ಸರಿಯಾಗೇ ಕಾಣುತ್ತದೆ. ಆ ನಾಳಗಳನ್ನು ತಬ್ಬಿರುವ ಪೋಡೋಸೈಟ್ ಕೋಶಗಳ ಪಾದಗಳು ಚಪ್ಪಟೆಯಾಗಿ ನಡುವಿನ ಸೀಳು ಮಾಯವಾಗುವುದೇ ಇಲ್ಲಿನ ಅಸಲಿ ಕಥೆ. ಆ ಸೀಳು ಸುಮಾರು 40 ನ್ಯಾನೋಮೀಟರ್. ಬೆಳಕಿನ ಮೈಕ್ರೋಸ್ಕೋಪ್ 200ರ ಹತ್ತಿರಕ್ಕೇ ಕೈಚೆಲ್ಲುತ್ತದೆ. ಅದಕ್ಕೇ ತಾನೇ ಹೊರಗೆ ಕೊಡುವುದು?

4ನೇ ದಿನದ ಇಲಿ, 10ನೇ ದಿನದ ಇಲಿ, ಎರಡರ ಚಿತ್ರವೂ ಬಂತು. ರಿಪೋರ್ಟಿನಲ್ಲಿ ‘ದಿನ ಕಳೆದಂತೆ ಹಾನಿ ಹೆಚ್ಚಿದೆ’ ಅಂತ. ಖುಷಿಯಾಗಿ ಗೈಡ್‌ಗೂ ತೋರಿಸಿಬಿಟ್ಟೆ. ಆಮೇಲೆ ಸುಮ್ನೆ ದೊಡ್ಡದು ಮಾಡಿ ನೋಡುತ್ತಿದ್ದಾಗ 4ನೇ ದಿನದ್ದರಲ್ಲಿ ರಕ್ತನಾಳದೊಳಗೆ ಒಂದು ಕೆಂಪು ಕಣ, ಅದರ ಅಂಚು ಚೂರು ಕಚ್ಚಿದ ಹಾಗೆ, ಪಕ್ಕದಲ್ಲೇ ತೆಳು ಪದರ ಕತ್ತರಿಸುವಾಗ ಚಾಕು ಗೀರಿದ ಓರೆ ಗೆರೆ. 10ನೇ ದಿನದ್ದರಲ್ಲೂ ಅದೇ ಕಣ. ಅದೇ ಗೀರು. ಎಡದ್ದು ಬಲಕ್ಕೆ ಬಂದಿದೆ, ಅಷ್ಟೇ. ತಿರುಗಿಸಿ, ಕತ್ತರಿಸಿ, ಕಾಂಟ್ರಾಸ್ಟ್ ಏರಿಸಿ ಕಳಿಸಿದ್ದಾರೆ! ಅದೇ ಗೀರು ರೀ!

ಕೇಳಿದರೆ ಉತ್ತರ: ‘ಒಂದೇ ಕಾಯಿಲೆ ಅಲ್ವಾ ಮೇಡಂ, ಒಂದೇ ಥರ ಇರುತ್ತೆ.’ ಚಾಕು ಗೀರೂ ಕಾಯಿಲೆಯಾ ಅಂದೆ. ‘ಅದು ಪ್ರಾತಿನಿಧಿಕ ಚಿತ್ರ’ ಅಂದರು. ಒರಿಜಿನಲ್ ಫೈಲ್ ಕೊಡಿ ಅಂದರೆ ‘ನಾವು ಇಟ್ಟುಕೊಳ್ಳುವುದಿಲ್ಲ’. ಹೋಗಲಿ, ಕಂಟ್ರೋಲ್ ಇಲಿಯ (ಹೋಲಿಕೆಗೆ ಇಟ್ಟ, ವಿಷ ಕೊಡದ ಇಲಿ) ಟ್ಯೂಬ್ಯೂಲ್‌ನಲ್ಲಿ, ಅಂದರೆ ಕಿಡ್ನಿಯ ಸಣ್ಣ ನಳಿಕೆಯಲ್ಲಿ, ಮೈಟೋಕಾಂಡ್ರಿಯಾ ಊದಿರುವುದಕ್ಕೂ ‘ವಿಷದ ಪರಿಣಾಮ’ ಅಂತ ಬರೆದಿದ್ದೀರಲ್ಲ, ಅದಕ್ಕೆ ಕೊಟ್ಟಿದ್ದು ಬರೀ ಸಲೈನ್ ಅಂದೆ. ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿ ಫಿಕ್ಸ್ ಮಾಡುವುದು ತಡವಾದರೂ ಹಾಗೆ ಊದುತ್ತದೆ ಅನ್ನುವುದು ಈ ಕೆಲಸ ಮಾಡುವವರಿಗೆ ಗೊತ್ತಿರಬೇಕಲ್ಲ? ‘ಕಂಟ್ರೋಲ್‌ಗೂ ಸ್ವಲ್ಪ ಹೋಗಿರಬಹುದು ನೋಡಿ’ ಅಂತೆ. ನಮ್ಮ ಮೇಲೇ! ಕೊನೆಗೆ ‘ಪೇಪರ್‌ಗೆ ಬೇರೆ ಚಿತ್ರ ಕಳಿಸುತ್ತೇವೆ, ಯಾವ ಥರದ್ದು ಬೇಕು ಹೇಳಿ’ ಅಂದರು. ಯಾವ ಥರದ್ದು ಅಂದರೆ?! ಅಂಗಡಿ ತೆರೆದಿದ್ದಾರಾ?

ಕಳಿಸುವವರು ಬರೀ ಕೋಡ್ ನಂಬರ್ ಹಾಕಿ ಕಳಿಸಿ, ಯಾವುದು ಕಂಟ್ರೋಲ್ ಅಂತ ಬಾಯಿ ಬಿಡಬೇಡಿ. ಒರಿಜಿನಲ್ ಫೈಲ್, ರೆಸಿನ್ ಬ್ಲಾಕ್ (ಅಂಗಾಂಶ ಹುದುಗಿಸಿಟ್ಟ ಗಟ್ಟಿ ತುಂಡು) ಎರಡೂ ವಾಪಸ್ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಿ. ನಯವಾಗಿ ಮಾತಾಡಿದರೆ ಇನ್ನೂ ಜಾಸ್ತಿ ಹುಷಾರಾಗಿರಿ. ನಮ್ಮ ಬ್ಲಾಕ್‌ಗಳು ಇನ್ನೂ ಅವರ ಹತ್ತಿರವೇ ಇವೆ, ಫೋನ್ ಎತ್ತುತ್ತಿಲ್ಲ.