ನೈಟ್‌ಫೋರ್ಸ್ ಕಾಂಪಿಟಿಷನ್ 15-55×52: ಸಾವಿರ ಗಜದಲ್ಲಿ ಬಳಸಿ ಕಂಡಿದ್ದು

ಎಫ್-ಕ್ಲಾಸ್ ಶೂಟಿಂಗ್‌ಗೆ (ರೈಫಲ್ ಅನ್ನು ಆಧಾರದ ಮೇಲಿಟ್ಟು, ಮಲಗಿ ದೂರದ ಗುರಿಗೆ ಹೊಡೆಯುವ ಸ್ಪರ್ಧೆ) ಹೊಸದಾಗಿ ಬರುವವರು ಸ್ಕೋಪ್ ಬಗ್ಗೆ ಮೊದಲು ಕೇಳುವುದೇ "ಎಷ್ಟು ಪವರ್?" ಅಂತ. ನನ್ನ .308 (ಗುಂಡಿನ ಅಳತೆ) ರೈಫಲ್ ಮೇಲೆ ಈ ನೈಟ್‌ಫೋರ್ಸ್ ಸ್ಕೋಪ್ ಕೂತು ಕೆಲವು ವರ್ಷಗಳಾದವು. ಹೆಸರಿನಲ್ಲಿರುವ 15-55 ಅಂದರೆ ಪವರ್, 52 ಅಂದರೆ ಮುಂದಿನ ಗಾಜಿನ ಅಗಲ, ಮಿಮೀಯಲ್ಲಿ. ಫೀನಿಕ್ಸ್‌ನ ಬೆನ್ ಏವರಿ ರೇಂಜ್‌ನಲ್ಲಿ 1000 ಗಜದ ತನಕ ಇದರಲ್ಲೇ ಹೊಡೆಯುತ್ತೇನೆ. ಇದರ ಬೆಲೆ 55 ಪವರ್‌ನಲ್ಲಿಲ್ಲ, ಗುರಿಯನ್ನು ಮೇಲೆ-ಕೆಳಗೆ ಸರಿಸುವ ಡಯಲ್‌ನಲ್ಲಿದೆ ಅನ್ನುವುದು ನನ್ನ ಅನುಭವ.

ಚಳಿಗಾಲದ ಬೆಳಿಗ್ಗೆ, ನೆಲ ಇನ್ನೂ ಕಾಯದ ಹೊತ್ತಲ್ಲಿ 55ಕ್ಕೆ ತಿರುಗಿಸಿದರೆ ಟಾರ್ಗೆಟ್ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. 1000 ಗಜದಲ್ಲಿ ಹತ್ತು ಅಂಕದ ವೃತ್ತ ಬರೀ 10 ಇಂಚು ಅಗಲ. ಅಷ್ಟು ಸಣ್ಣದರ ನಡುವನ್ನು ಹಿಡಿಯಲು ಆಗ 55 ನಿಜಕ್ಕೂ ಬೇಕು.

ಬಿಸಿಲು ಏರಿದ ಮೇಲೆ ಕಥೆಯೇ ಬೇರೆ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಬಗ್ಗಿಸುತ್ತದೆ. ಕಪ್ಪು ವೃತ್ತದ ಅಂಚು ಕರಗಿ, ಇಡೀ ಟಾರ್ಗೆಟ್ ಕುದಿಯುವ ಹಾಗೆ ಕಾಣುತ್ತದೆ. ಇದನ್ನೇ ಮಿರಾಜ್ ಅನ್ನುತ್ತಾರೆ. ಪವರ್ ಜಾಸ್ತಿ ಮಾಡಿದಷ್ಟೂ ಆ ಕುದಿತವೂ ದೊಡ್ಡದಾಗುತ್ತದೆ, ಅಲ್ವಾ? ಜೊತೆಗೆ 52 ಮಿಮೀ ಗಾಜನ್ನು 55ರಿಂದ ಭಾಗಿಸಿ ನೋಡಿ. ಕಣ್ಣಿಗೆ ಬರುವ ಬೆಳಕಿನ ಅಗಲ 1 ಮಿಮೀ ಕೂಡ ಇಲ್ಲ. ತಲೆ ಚೂರು ಆಚೀಚೆ ಆದರೂ ನೋಟ ಕಪ್ಪಾಗುತ್ತದೆ. ಹಾಗಾಗಿ ಮಧ್ಯಾಹ್ನ ನಾನು 30ರ ಆಸುಪಾಸಿಗೆ ಇಳಿಸುತ್ತೇನೆ. ಕುದಿತ ನಿಲ್ಲುವುದಿಲ್ಲ, ಆದರೆ ಅಂಚು ಸಿಗುತ್ತದೆ.

ಗಾಳಿ ಓದುವುದಕ್ಕೂ ಇದೇ ಮಿರಾಜ್ ಬೇಕು. ಅಲೆಗಳು ಬಲಕ್ಕೆ ಹರಿದರೆ ಗಾಳಿ ಎಡದಿಂದ ಬರುತ್ತಿದೆ. ನೇರ ಮೇಲಕ್ಕೆ ಎದ್ದರೆ ಅಡ್ಡಗಾಳಿ ನಿಂತಿದೆ, ಇಲ್ಲವೇ ಗಾಳಿ ಎದುರಿಂದಲೋ ಹಿಂದಿನಿಂದಲೋ ಬೀಸುತ್ತಿದೆ. ಗಂಟೆಗೆ 1 ಮೈಲಿ ಅಡ್ಡಗಾಳಿ ಸಾಕು, .308 ಗುಂಡು 1000 ಗಜದಲ್ಲಿ ಸುಮಾರು 8 ಇಂಚು ಸರಿಯುತ್ತದೆ. ಹತ್ತು ಹೋಯಿತು, ಒಂಬತ್ತೇ ಗತಿ. ಈ ಸ್ಕೋಪ್‌ನ ಇಡಿ (ED, ಬಣ್ಣ ಚೆದುರುವುದನ್ನು ತಗ್ಗಿಸುವ) ಗಾಜಿನಲ್ಲಿ ಆ ಅಲೆಗಳು ಮಸುಕಾಗದೆ, ಎಳೆ ಎಳೆಯಾಗಿ ಕಾಣುತ್ತವೆ. ನನಗೆ ಇದು ತುಂಬಾ ಇಷ್ಟ.

ಇನ್ನು ಡಯಲ್. ಎಂಓಎ ಅಂದರೆ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಒಂದು ಕ್ಲಿಕ್ ಅಂದರೆ ಎಂಟನೇ ಒಂದು ಎಂಓಎ, 1000 ಗಜದಲ್ಲಿ ಸುಮಾರು 1.3 ಇಂಚು. ಮೊದಲು ನನ್ನ ಹತ್ತಿರ ಬೇರೊಂದು ಕಂಪನಿಯ ಸ್ಕೋಪ್ ಇತ್ತು. 30 ಎಂಓಎ ಏರಿಸಿ ವಾಪಸ್ ಇಳಿಸಿದರೆ ಸೊನ್ನೆ (ಗುರಿಯಿಟ್ಟಲ್ಲೇ ಗುಂಡು ಬೀಳುವ ಮೂಲ ಸ್ಥಾನ) ಅಲ್ಲೇ ಇರುತ್ತಿರಲಿಲ್ಲ. ಅದಕ್ಕೇ ಈಗಲೂ ಪ್ರತಿ ಸೀಸನ್ ಶುರುವಿನಲ್ಲಿ 100 ಗಜದಲ್ಲಿ ಉದ್ದನೆಯ ಕಾಗದ ಕಟ್ಟುತ್ತೇನೆ. ತೂಗುಗುಂಡು ಬಿಟ್ಟು ನೇರ ಗೆರೆ ಎಳೆದು, ಕೆಳಗೆ ಗುರಿಯಿಟ್ಟು, 30 ಎಂಓಎ ಏರಿಸಿ ಹೊಡೆಯುತ್ತೇನೆ. ಗುಂಡು 31.4 ಇಂಚು ಮೇಲೆ, ಗೆರೆಯ ಮೇಲೆಯೇ ಬೀಳಬೇಕು. ಈ ಸ್ಕೋಪ್‌ನಲ್ಲಿ ಪ್ರತಿ ಸಲವೂ ಅಲ್ಲೇ ಬಿದ್ದಿದೆ, ಸೊನ್ನೆಗೂ ಸರಿಯಾಗಿ ಮರಳಿದೆ.

ತೂಕ ಸುಮಾರು 800 ಗ್ರಾಂ. ಎಫ್-ಕ್ಲಾಸ್‌ನಲ್ಲಿ .308ನಂಥ ರೈಫಲ್‌ಗಳ ವಿಭಾಗವಾದ ಎಫ್-ಟಿಆರ್‌ನಲ್ಲಿ ಬೈಪಾಡ್ (ರೈಫಲ್‌ನ ಮುಂದಿನ ಎರಡು ಕಾಲಿನ ಆಧಾರ), ಸ್ಕೋಪ್ ಎಲ್ಲ ಸೇರಿ 8.25 ಕಿಲೋ ಮೀರುವಂತಿಲ್ಲ, ಹಾಗಾಗಿ ಇದು ದೊಡ್ಡ ಅನುಕೂಲ. ಎಲಿವೇಷನ್ (ಡಯಲ್ ಮೇಲೆ-ಕೆಳಗೆ ಸರಿಯುವ ಮಿತಿ) ಒಟ್ಟು 55 ಎಂಓಎ ಮಾತ್ರ, ಅದರಲ್ಲಿ ಮೇಲಕ್ಕೆ ಸಿಗುವುದು ಸುಮಾರು ಅರ್ಧ. .308ಕ್ಕೆ 1000 ಗಜ ಮುಟ್ಟಲು 30ಕ್ಕಿಂತ ಜಾಸ್ತಿ ಬೇಕಾಗುತ್ತದೆ. ಆದ್ದರಿಂದ ಸ್ಕೋಪ್ ಕೂರಿಸಲು 20 ಎಂಓಎ ಇಳಿಜಾರಿನ ರೈಲ್ (ಲೋಹದ ಪಟ್ಟಿ) ಹಾಕಿಸಿಕೊಳ್ಳಿ.

ಬೆಲೆ 2000 ಡಾಲರ್ ದಾಟುತ್ತದೆ. ಬೇಟೆಗೂ ಆಗುತ್ತದೆ ಅಂತ ಸುಮ್ನೆ ಕೊಳ್ಳಬೇಡಿ. 15 ಪವರ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ, ಹತ್ತಿರದ ನೋಟ ತೀರಾ ಕಿರಿದು. ಬಜೆಟ್ ಬಿಗಿಯಿದ್ದರೆ ವೋರ್ಟೆಕ್ಸ್ ಗೋಲ್ಡನ್ ಈಗಲ್ 15-60×52 ಕೂಡ ನೋಡಿ. ಆದರೆ ಯಾವುದೇ ತೊಗೊಂಡರೂ ಮೊದಲ ಮ್ಯಾಚ್‌ಗೆ ಮುಂಚೆ ಆ ಉದ್ದನೆಯ ಕಾಗದದ ಪರೀಕ್ಷೆ ಮಾಡಿಯೇ ಹೋಗಿ.